ನೆಲನೆಲ್ಲಿ, ಅರಿಷಿಣ ಮತ್ತು ಅವ್ವನ ಪಿತ್ತಕೋಶದ ಕಲ್ಲು

ಅವ್ವನ ಸ್ಕ್ಯಾನಿಂಗ್ ರಿಪೋರ್ಟ್ ಗದಗಿನ ಮನೆಗೆ ಬಂದ ದಿನ ಸಂಜೆಯೊಳಗೆ ಅರ್ಧ ಓಣಿಗೆ ಸುದ್ದಿ ಮುಟ್ಟಿತ್ತು. ಪಿತ್ತಕೋಶದಲ್ಲಿ ಹಲವು ಕಲ್ಲು, ದೊಡ್ಡದು 9 ಮಿಲಿಮೀಟರ್, ಪಿತ್ತಕೋಶದ ಗೋಡೆ ದಪ್ಪ ಆಗಿಲ್ಲ, ಪಿತ್ತನಾಳ ಸರಿ ಇದೆ. ರಿಪೋರ್ಟಿನಲ್ಲಿ ಇದ್ದದ್ದು ಇಷ್ಟೇ. ರಾತ್ರಿ ಊಟದ ಹೊತ್ತಿಗೆ ಔಷಧಿ ಬರೋಕೆ ಶುರುವಾಯಿತು. ಒಬ್ಬರು ಹುರುಳಿ ಕಟ್ಟು ಕುಡಿಸಿ ಅಂದರು. ಒಬ್ಬರು ಬಾಳೆದಿಂಡಿನ ರಸ ಅಂದರು. ಸೋದರಮಾವ ಕಾಡುಬಸಳೆಯ ಎಲೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಎಲ್ಲರ ಮಾತಲ್ಲೂ ಕೊನೆಗೆ ಬರುತ್ತಿದ್ದ ಹೆಸರು ಮಾತ್ರ ನೆಲನೆಲ್ಲಿ.

"ಏನ್ ಆಪರೇಷನ್ ಮಾಡಸ್ತೀರಿ, ಸುಮ್ನ ನೆಲನೆಲ್ಲಿ ರಸಾ ಕುಡಸ್ರಿ. ಕಲ್ಲು ಹಂಗ ಕರಗಿ ಹೋಗ್ತಾವ."

ಅವ್ವನಿಗೂ ಅದೇ ಬೇಕಿತ್ತು. ಆಪರೇಷನ್ ಅಂದರೆ ಅವಳಿಗೆ ಹೆದರಿಕೆ. ಅದಕ್ಕಿಂತ ಜಾಸ್ತಿ, ದೇಹದ ಒಂದು ಭಾಗವನ್ನೇ ತೆಗೆದು ಹಾಕೋದು ಅವಳಿಗೆ ಒಪ್ಪಿಗೆ ಇರಲಿಲ್ಲ. "ಆ ಚೀಲಾನ ತಗದ್ರ ಉಂಡದ್ದು ಹೆಂಗ ಕರಗಬೇಕು?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ವಾರದ ಕೊನೆಗೆ ಗದಗಿಗೆ ಹೋಗಿ ಬರುತ್ತೇನೆ. ಆ ಮಳೆಗಾಲ ಪೂರ್ತಿ ನನಗೆ ಇದೇ ಕೆಲಸವಾಯಿತು. ಗಿಡಮೂಲಿಕೆಯನ್ನು ಸುಮ್ನೆ ನಂಬೋದೂ ಬೇಡ, ಸುಮ್ನೆ ತಳ್ಳಿಹಾಕೋದೂ ಬೇಡ, ಯಾವುದಕ್ಕೆ ಏನು ಆಧಾರ ಇದೆ ನೋಡೋಣ ಅಂತ ಕೂತೆ. ಅವ್ವನಿಗೂ ಅದನ್ನೇ ಹೇಳಿದೆ.

ಮೊದಲು ಅವ್ವನ ಪ್ರಶ್ನೆಗೆ ಉತ್ತರ. ಪಿತ್ತರಸವನ್ನು ಮಾಡುವುದು ಪಿತ್ತಕೋಶವಲ್ಲ, ಯಕೃತ್ತು, ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಮಾಡುತ್ತದೆ. ಪಿತ್ತಕೋಶ ಅದರಲ್ಲಿ 30ರಿಂದ 50 ಮಿಲಿಲೀಟರ್‌ನಷ್ಟನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುವ ಚೀಲ. ಎಣ್ಣೆ, ತುಪ್ಪ ಹೊಟ್ಟೆಗೆ ಬಿದ್ದಾಗ ಆ ಚೀಲ ಹಿಂಡಿಕೊಂಡು ಪಿತ್ತವನ್ನು ಕರುಳಿಗೆ ಬಿಡುತ್ತದೆ. ಚೀಲ ಇಲ್ಲದಿದ್ದರೆ ಪಿತ್ತ ನೇರವಾಗಿ ಸ್ವಲ್ಪಸ್ವಲ್ಪವೇ ಕರುಳಿಗೆ ಇಳಿಯುತ್ತಿರುತ್ತದೆ. ಊಟ ಕರಗುತ್ತದೆ. ಪಿತ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗಿ, ಅದನ್ನು ಕರಗಿಸಿಡುವ ಲವಣಗಳು ಸಾಲದೆ ಹೋದಾಗ ಹರಳು ಕಟ್ಟಿ ಕಲ್ಲಾಗುತ್ತದೆ. ಚೀಲ ಸರಿಯಾಗಿ ಹಿಂಡಿಕೊಳ್ಳದೆ ಪಿತ್ತ ನಿಂತಲ್ಲೇ ನಿಂತರೂ ಕಲ್ಲಿಗೆ ಅನುಕೂಲ.

ಇಷ್ಟು ತಿಳಿದ ಮೇಲೆ ಹುರುಳಿ, ಬಾಳೆದಿಂಡು, ಕಾಡುಬಸಳೆ ಮೂರನ್ನೂ ಪಕ್ಕಕ್ಕಿಟ್ಟೆ. ಅವೆಲ್ಲ ನಮ್ಮ ಕಡೆ ಮೂತ್ರಕೋಶದ, ಕಿಡ್ನಿಯ ಕಲ್ಲಿಗೆ ಕೊಡುತ್ತಾ ಬಂದಿರುವ ಮದ್ದು. ಕಿಡ್ನಿಯ ಕಲ್ಲು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಅದು ನೀರಿನಂಥ ಮೂತ್ರದಲ್ಲಿ ಇರುತ್ತದೆ, ಸಣ್ಣದಿದ್ದರೆ ಜಾಸ್ತಿ ನೀರು ಕುಡಿದರೆ ಹೊರಗೂ ಹೋಗುತ್ತದೆ. ಪಿತ್ತಕೋಶದ ಕಲ್ಲು ಹೆಚ್ಚಾಗಿ ಕೊಲೆಸ್ಟ್ರಾಲಿನದು. ಎಷ್ಟು ನೀರು ಕುಡಿದರೂ ಅದರ ಹತ್ತಿರ ಆ ನೀರು ಹೋಗುವುದೇ ಇಲ್ಲ. ಎರಡು ಬೇರೆ ಜಾಗ, ಎರಡು ಬೇರೆ ವಸ್ತು. ಇದನ್ನು ಸೋದರಮಾವನಿಗೆ ವಿವರಿಸಿದಾಗ ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಎಲೆಗಳನ್ನು ಹಿತ್ತಲಲ್ಲಿ ಊರಿ ಹೋದ. ಕಾಡುಬಸಳೆ ಎಲೆಯಂಚಿನಿಂದಲೇ ಚಿಗುರುತ್ತದಲ್ವಾ, ಈಗ ಅಲ್ಲಿ ಒಂದು ಮಡಿ ತುಂಬ ಬೆಳೆದಿದೆ.

ಓಣಿಯ ಕಾಕಾ ಒಬ್ಬರು ಬೇರೆ ದಾರಿ ಹೇಳಿದರು. ಅವರಿಗೂ ಪಿತ್ತಕೋಶದಲ್ಲಿ ಕಲ್ಲಿದ್ದವು. ಯಾರೋ ಹೇಳಿದರು ಅಂತ ಕೆಲವು ದಿನ ಸೇಬಿನ ರಸ ಕುಡಿದು, ಕೊನೆಯ ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಲೋಟಗಟ್ಟಲೆ ಕುಡಿದಿದ್ದರು. ಮರುದಿನ ಹೊಟ್ಟೆ ಸಡಿಲಾಗಿ ಹಸಿರು ಕಲ್ಲುಗಳು ಹೊರಗೆ ಬಿದ್ದವಂತೆ. ಅದರಲ್ಲಿ ಕೆಲವನ್ನು ತೊಳೆದು ಡಬ್ಬಿಯಲ್ಲಿ ಹಾಕಿ ಫ್ರಿಡ್ಜಿನಲ್ಲಿ ಇಟ್ಟಿದ್ದರು. ಅವ್ವನಿಗೆ ಧೈರ್ಯ ಬರಲಿ ಅಂತಲೇ ಆ ಡಬ್ಬಿ ತಂದು ತೋರಿಸಿದರು.

ನಾನು ಹತ್ತಿರದಿಂದ ನೋಡಿದೆ. ಕಡು ಹಸಿರು, ವಟಾಣಿಯಷ್ಟು ಕೆಲವು, ಹುಣಸೆಬೀಜದಷ್ಟು ಒಂದೆರಡು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು. ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಆ ವಾರವೇ ನಾನು 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ನ್ಯೂಜಿಲೆಂಡಿನ ವೈದ್ಯರ ಒಂದು ಸಣ್ಣ ವರದಿ ಓದಿದ್ದೆ. ಇದೇ ರೀತಿ ಸೇಬು, ನಿಂಬೆ, ಆಲಿವ್ ಎಣ್ಣೆ ಕುಡಿದ ಹೆಂಗಸೊಬ್ಬಳು ಹೀಗೇ ಹಸಿರು ಕಲ್ಲುಗಳನ್ನು ತಂದಿದ್ದಳು. ಪರೀಕ್ಷೆ ಮಾಡಿದರೆ ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಮುಕ್ಕಾಲು ಭಾಗ ಎಣ್ಣೆಯ ಕೊಬ್ಬಿನ ಆಮ್ಲಗಳೇ. 40 ಡಿಗ್ರಿ ಬಿಸಿಗೆ ಕರಗಿ ಎಣ್ಣೆಯಾಗಿ ಹೋದವಂತೆ. ಕುಡಿದ ಎಣ್ಣೆ ಹೊಟ್ಟೆಯಲ್ಲಿ ನಿಂಬೆರಸದ ಪೊಟ್ಯಾಸಿಯಂ ಜೊತೆ ಸೇರಿ ಸೋಪಿನಂಥ ಗಟ್ಟಿಯಾದ ಉಂಡೆ ಕಟ್ಟಿತ್ತು.

"ಕಾಕಾ, ಒಂದು ಬಿಸಿನೀರಾಗ ಹಾಕಿ ನೋಡೋಣೇನ್ರಿ?" ಅಂದೆ. ಅವರು ಒಪ್ಪಿದರು. ಸ್ನಾನಕ್ಕೆ ಕಾಯಿಸಿದ ನೀರನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಒಂದು ಸಣ್ಣ ಉಂಡೆಯನ್ನು ಬಿಟ್ಟೆವು. ಮೊದಲು ಅದರ ಅಂಚು ಮೆತ್ತಗಾಯಿತು. ಆಮೇಲೆ ಸುತ್ತ ಒಂದು ಹಸಿರು ಜಿಡ್ಡಿನ ಪದರ ಹರಡಿತು. ಸ್ವಲ್ಪ ಹೊತ್ತಿಗೆ ಉಂಡೆಯೇ ಇರಲಿಲ್ಲ, ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಕಾಕಾ ತುಂಬ ಹೊತ್ತು ಬಟ್ಟಲು ನೋಡುತ್ತಾ ಕೂತರು. ಅವರು ಸುಳ್ಳು ಹೇಳಿದವರಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದರು, ಇನ್ನೊಬ್ಬರಿಗೆ ಉಪಕಾರ ಆಗಲಿ ಅಂತ ಹೇಳಿದ್ದರು. ಮರುವಾರ ತಾವೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಕಲ್ಲುಗಳು ಹಾಗೆಯೇ ಇದ್ದವು.

ನೆಲನೆಲ್ಲಿಯ ವಿಷಯ ಇಷ್ಟು ಸುಲಭವಿರಲಿಲ್ಲ. ಅವ್ವನ ಹಟಕ್ಕೆ ಅವಳನ್ನು ಕರೆದುಕೊಂಡು ಕಪ್ಪತಗುಡ್ಡದ ಕೆಳಗಿನ ಒಂದು ಊರಿಗೆ ಹೋದೆ. ಅಲ್ಲಿ ತಲೆತಲಾಂತರದಿಂದ ನಾಟಿ ಔಷಧಿ ಕೊಡುವ ಒಬ್ಬ ಅಜ್ಜ ಇದ್ದಾರೆ. ಕಪ್ಪತಗುಡ್ಡ ಅಂದರೆ ನಮ್ಮ ಕಡೆಯ ಜನಕ್ಕೆ ಔಷಧಿ ಗುಡ್ಡವೇ. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅಜ್ಜ ಗುಡ್ಡದ ಗಿಡ ಮುಟ್ಟುವುದಿಲ್ಲ. ನೆಲನೆಲ್ಲಿಗೆ ಗುಡ್ಡ ಹತ್ತಬೇಕಾಗಿಯೂ ಇಲ್ಲ, ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಕಸದ ಜೊತೆ ತಾನೇ ಏಳುತ್ತದೆ.

ಅಜ್ಜ ಒಂದು ಗಿಡ ಕಿತ್ತು ಅವ್ವನ ಕೈಗೆ ಕೊಟ್ಟರು. ಗೇಣುದ್ದ ಇತ್ತು. ಹುಣಸೆ ಎಲೆಯ ಹಾಗೆ ಸಾಲಾಗಿ ಸಣ್ಣ ಎಲೆ. ಕಡ್ಡಿಯನ್ನು ಮಗುಚಿದರೆ ಕೆಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳು ಸಾಲುಗಟ್ಟಿ ತೂಗುತ್ತಿದ್ದವು. ಪಕ್ಕದಲ್ಲೇ ಕೆಂಪು ದಂಟಿನ ಇನ್ನೊಂದು ಗಿಡ ಇತ್ತು. "ಇದನ್ನ ಕಿತ್ತಬ್ಯಾಡ್ರಿ, ನೋಡಾಕ ಒಂದ ಥರಾ ಕಾಣ್ತಾವ, ಆದ್ರ ಬ್ಯಾರೆ" ಅಂದರು. ಅವರ ಕಣ್ಣಿನ ಬಗ್ಗೆ ನನಗೆ ಗೌರವ ಬಂತು. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಈ ಜಾತಿಯ ಯಾವ ಗಿಡ ಎಷ್ಟು ಸೇರಿದೆ ಅಂತ ಯಾರು ನೋಡುತ್ತಾರೆ ಹೇಳಿ.

"ಅಜ್ಜಾರ, ಪಿತ್ತದ ಕಲ್ಲು ಕರಗಿದ್ದನ್ನ ನೀವು ನೋಡೀರೇನ್ರಿ?" ಅಂತ ಕೇಳಿದೆ.

ಅವರು ಸ್ವಲ್ಪ ಯೋಚನೆ ಮಾಡಿ ಹೇಳಿದರು. "ಕಾಮಣಿ ಇಳದದ್ದು ಭಾಳ ನೋಡೇನವಾ. ಕಲ್ಲಿಂದು, ನೂವು ಕಡಿಮಿ ಆತು ಅಂತ ಬಂದು ಹೇಳಿ ಹೋಗ್ತಾರ. ಒಳಗ ಏನಾತು ನಂಗ ಹೆಂಗ ಗೊತ್ತಾಗಬೇಕು?"

ಇಷ್ಟು ಪ್ರಾಮಾಣಿಕವಾಗಿ ಹೇಳುವವರು ಕಡಿಮೆ. ಇಡೀ ಪ್ರಶ್ನೆಯ ಗಂಟು ಇಲ್ಲೇ ಇದೆ ಅಂತ ನನಗೆ ಅನ್ನಿಸಿತು. ಪಿತ್ತದ ಕಲ್ಲಿನ ನೋವು ದಿನಾ ಬರುವುದಲ್ಲ. ಒಮ್ಮೆ ಬಂದು ಕೆಲವು ಗಂಟೆ ಹಿಂಡಿ, ತಾನಾಗಿಯೇ ಹೋಗುತ್ತದೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಬಹಳ ಜನಕ್ಕೆ ಕಲ್ಲಿದ್ದೂ ಜೀವನ ಪೂರ್ತಿ ನೋವೇ ಬರುವುದಿಲ್ಲ, ಅಂಥವರಿಗೆ ಸಾಮಾನ್ಯವಾಗಿ ಡಾಕ್ಟರುಗಳೂ ಆಪರೇಷನ್ ಹೇಳುವುದಿಲ್ಲ. ಆ ಸುಮ್ಮನಿದ್ದ ದಿನಗಳಲ್ಲಿ ಏನು ಕುಡಿದಿರುತ್ತೇವೋ ಅದಕ್ಕೆ ಹೆಸರು ಹೋಗುತ್ತದೆ. ಆದ್ದರಿಂದ ನೋವು ಹೋಯಿತು ಅನ್ನುವುದು ಕಲ್ಲು ಕರಗಿದ್ದಕ್ಕೆ ಸಾಕ್ಷಿಯಲ್ಲ. ಮೊದಲೊಂದು ಸ್ಕ್ಯಾನ್, ಆಮೇಲೊಂದು ಸ್ಕ್ಯಾನ್, ಇದೇ ಸಾಕ್ಷಿ.

ನೆಲನೆಲ್ಲಿಯ ಮೇಲೆ ಪರೀಕ್ಷೆಗಳು ಆಗಿಲ್ಲ ಅಂತಲ್ಲ, ಬೇಕಾದಷ್ಟು ಆಗಿವೆ. ಆದರೆ ಬೇರೆ ರೋಗಗಳಿಗೆ. 1988ರಲ್ಲಿ ಚೆನ್ನೈನ ವೈದ್ಯರು ಹೆಪಟೈಟಿಸ್ ಬಿ ಅನ್ನೋ ಲಿವರ್‌ನ ವೈರಸ್ ರೋಗ ಇರುವವರಿಗೆ 30 ದಿನ ಇದರ ಪುಡಿ ಕೊಟ್ಟು, ನೂರಕ್ಕೆ 59 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಯಿತು ಅಂತ ಲ್ಯಾನ್ಸೆಟ್‌ನಲ್ಲಿ ಬರೆದರು. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಬರಲಿಲ್ಲ. ಕಿಡ್ನಿ ಕಲ್ಲಿನ ಮೇಲೆ ಬ್ರೆಜಿಲ್, ಇಟಲಿಯಲ್ಲಿ ಸಣ್ಣ ಪರೀಕ್ಷೆಗಳು ನಡೆದಿವೆ, ಸ್ವಲ್ಪ ಆಸೆ ಹುಟ್ಟಿಸುವಂತೆಯೂ ಇವೆ. ಮನುಷ್ಯರ ಪಿತ್ತಕೋಶದ ಕಲ್ಲನ್ನು ನೆಲನೆಲ್ಲಿ ಕರಗಿಸಿತು ಅಂತ ಸ್ಕ್ಯಾನ್ ಇಟ್ಟು ತೋರಿಸಿದ ಪರೀಕ್ಷೆ ನಾನು ಓದಿದ್ದರಲ್ಲಿ ಒಂದೂ ಇರಲಿಲ್ಲ.

ಹುಡುಕುತ್ತಾ ಹೋದಂತೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ನಮ್ಮ ಅಡುಗೆಮನೆಯ ಅರಿಷಿಣ. ಪಿತ್ತಕೋಶದ ಮೇಲೆ ಅದು ಕೆಲಸ ಮಾಡುತ್ತದೆ, ಅದಕ್ಕೆ ಮನುಷ್ಯರಲ್ಲೇ ಆಧಾರ ಇದೆ. ಇಂಡೋನೇಷ್ಯಾದಲ್ಲಿ 1999ರಲ್ಲಿ 12 ಜನ ಆರೋಗ್ಯವಂತರಿಗೆ ಅರಿಷಿಣದ ಹಳದಿ ಸತ್ವವಾದ ಕರ್ಕ್ಯುಮಿನ್ 20 ಮಿಲಿಗ್ರಾಂ ಕೊಟ್ಟು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಎರಡು ಗಂಟೆಯೊಳಗೆ ಪಿತ್ತಕೋಶ ಸುಮಾರು ಮೂರನೇ ಒಂದು ಭಾಗ ಹಿಂಡಿಕೊಂಡಿತ್ತು. 2002ರಲ್ಲಿ ಅವರೇ ಪ್ರಮಾಣ ಹೆಚ್ಚಿಸಿ ನೋಡಿದಾಗ 40 ಮಿಲಿಗ್ರಾಂಗೆ ಅರ್ಧದಷ್ಟು ಹಿಂಡಿಕೊಂಡಿತು. ಅರಿಷಿಣ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಭಾಗ ಇರುತ್ತದೆ. ಅಂದರೆ 20 ಮಿಲಿಗ್ರಾಂ ಅನ್ನೋದು ಕಾಲು ಚಮಚದ ಆಸುಪಾಸಿನ ಪುಡಿಯಲ್ಲಿ ಇರುವಷ್ಟು.

ಕಲ್ಲೇ ಇಲ್ಲದ ಪಿತ್ತಕೋಶ ಹೀಗೆ ಹಿಂಡಿಕೊಂಡು ಖಾಲಿಯಾದರೆ ಒಳ್ಳೆಯದೇ, ಪಿತ್ತ ನಿಲ್ಲುವುದಿಲ್ಲ. ಕಲ್ಲು ತುಂಬಿದ ಪಿತ್ತಕೋಶ ಹಿಂಡಿಕೊಂಡರೆ? ಸಣ್ಣ ಕಲ್ಲು ಚೀಲದ ಬಾಯಿಗೆ ಬಂದು ಸಿಕ್ಕಿಕೊಳ್ಳಬಹುದು. ಇಲ್ಲವೇ ಪಿತ್ತನಾಳಕ್ಕೆ ಜಾರಿ ಅಲ್ಲಿ ಅಡ್ಡ ನಿಂತರೆ ಕಾಮಣಿ, ಜ್ವರ, ಕೆಲವೊಮ್ಮೆ ಮೇದೋಜೀರಕ ಗ್ರಂಥಿಯ ಊತದವರೆಗೂ ಹೋಗುತ್ತದೆ. ಜರ್ಮನಿಯಲ್ಲಿ ಸರಕಾರವೇ ನೇಮಿಸಿದ್ದ ಗಿಡಮೂಲಿಕೆ ತಜ್ಞರ ಸಮಿತಿ ಅರಿಷಿಣವನ್ನು ಅಜೀರ್ಣಕ್ಕೆ ಒಪ್ಪಿತ್ತು. ಅದೇ ಸಮಿತಿ, ಪಿತ್ತನಾಳ ಕಟ್ಟಿದವರು ತಗೊಳ್ಳಬಾರದು, ಪಿತ್ತಕೋಶದಲ್ಲಿ ಕಲ್ಲಿದ್ದವರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು ಅಂತಲೂ ಬರೆದಿತ್ತು. ಕೆಲಸ ಮಾಡುತ್ತದೆ ಅನ್ನೋ ಕಾರಣಕ್ಕೇ ಈ ಎಚ್ಚರಿಕೆ. ಓಣಿಯಲ್ಲಿ ಯಾರೂ ಹೇಳದ ಮಾತು ಇದು. ಗಿಡಮೂಲಿಕೆ ಅಂದರೆ ತೊಂದರೆ ಇಲ್ಲ ಅನ್ನುವವರಿಗೆ ಇದನ್ನು ಒತ್ತಿ ಹೇಳಬೇಕು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ವಾರದಿಂದ ಅವ್ವ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದ ಅರಿಷಿಣದ ಕಷಾಯ ನಿಲ್ಲಿಸಿದೆವು. ಸಾರು, ಪಲ್ಯದಲ್ಲಿ ಹಾಕುವುದನ್ನು ನಿಲ್ಲಿಸಲಿಲ್ಲ.

ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೇ ಇದರ ಮೇಲೆ ಎಷ್ಟೋ ವರ್ಷ ಕೆಲಸ ನಡೆದಿದೆ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. ಇಲಿಗಳಿಗೆ ಕಲ್ಲು ಕಟ್ಟುವಂಥ ಕೊಲೆಸ್ಟ್ರಾಲ್ ತುಂಬಿದ ಆಹಾರ ಕೊಟ್ಟು, ಅದರ ಜೊತೆ ಕರ್ಕ್ಯುಮಿನ್, ಬಳ್ಳೊಳ್ಳಿ, ಉಳ್ಳಾಗಡ್ಡಿ, ಮೆಂತೆ ಬೇರೆಬೇರೆಯಾಗಿ ತಿನ್ನಿಸಿ ನೋಡಿದ್ದಾರೆ. ಇವನ್ನು ತಿಂದ ಇಲಿಗಳಲ್ಲಿ ಕಲ್ಲು ಕಟ್ಟುವುದು ಕಡಿಮೆಯಾಯಿತು. 2009ರಲ್ಲಿ ಬಂದ ಒಂದು ವರದಿಯಲ್ಲಿ ಮೊದಲೇ ಕಟ್ಟಿದ್ದ ಕಲ್ಲೂ ಮೆಂತೆಯಿಂದ ಕಡಿಮೆಯಾದದ್ದು ಇದೆ. ಇಲಿಯಲ್ಲಿ ಆದದ್ದು ಅವ್ವನಲ್ಲಿ ಆಗಬೇಕೆಂದಿಲ್ಲ, ನಿಜ. ಆದರೂ ಮೆಂತೆ ಪಲ್ಯ, ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ ನಮ್ಮ ರೊಟ್ಟಿ ಊಟದಲ್ಲಿ ದಿನಾ ಇರುವಂಥವು. ಔಷಧಿಯಂತೆ ಅಲ್ಲದೆ ಊಟದಂತೆ ತಿನ್ನೋದಕ್ಕೆ ಯಾರ ಅಡ್ಡಿಯೂ ಇಲ್ಲ.

ಇದನ್ನೆಲ್ಲ ಹೊತ್ತುಕೊಂಡು ಹುಬ್ಬಳ್ಳಿಯಲ್ಲಿ ಆಯುರ್ವೇದ ಕಲಿಸುವ ಒಬ್ಬ ವೈದ್ಯರ ಹತ್ತಿರ ಅವ್ವನನ್ನು ಕರೆದುಕೊಂಡು ಹೋದೆ. ಅವರು ನಾಡಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಆಮೇಲೆ ರಿಪೋರ್ಟನ್ನು ಸಾಲುಸಾಲಾಗಿ ಓದಿದರು. ಸುಶ್ರುತ ಸಂಹಿತೆಯಲ್ಲಿ ಅಶ್ಮರಿ ಅಂತ ಬರುವುದು ಮೂತ್ರಾಶಯದ ಕಲ್ಲಿನ ವಿಷಯ, ಅದರ ಔಷಧಿಯನ್ನು ಎತ್ತಿಕೊಂಡು ಬಂದು ಪಿತ್ತಕೋಶಕ್ಕೆ ಹಚ್ಚಬಾರದು ಅಂದರು. "ಅಮ್ಮಾರ, ನಾ ನಿಮಗ ಕಲ್ಲು ಕರಗಸ್ತೀನಿ ಅಂತ ಮಾತು ಕೊಡಂಗಿಲ್ಲ. ಪಚನ ಸುಧಾರಸ್ತದ, ಹೊಟ್ಟಿ ಉಬ್ಬರ ಕಡಿಮಿ ಆಗ್ತದ. ಅಷ್ಟ."

ಅವ್ವನಿಗೆ ಬಹಳ ಉಪಯೋಗವಾದದ್ದು ಅವರು ಆಮೇಲೆ ಹೇಳಿದ ಮಾತು. ಅವ್ವ ಶ್ರಾವಣದಲ್ಲಿ ಸೋಮವಾರ, ಶನಿವಾರ ಎಲ್ಲ ಉಪವಾಸ ಹಿಡಿಯುವವಳು. ತೂಕ ಇಳಿದರೆ ಕಲ್ಲಿಗೂ ಒಳ್ಳೆಯದು ಅಂತ ಉಪವಾಸ ಇನ್ನೂ ಜಾಸ್ತಿ ಮಾಡುವ ಲೆಕ್ಕದಲ್ಲಿದ್ದಳು. ಹೊತ್ತುಗಟ್ಟಲೆ ಹೊಟ್ಟೆ ಖಾಲಿ ಬಿಟ್ಟರೆ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ, ಪಿತ್ತ ಅಲ್ಲೇ ನಿಂತು ಗಟ್ಟಿಯಾಗುತ್ತದೆ, ಗಬಕ್ಕನೆ ತೂಕ ಇಳಿಸಿದರೂ ಕಲ್ಲು ಹೆಚ್ಚುತ್ತವೆ ಅಂತ ಅವರು ತಿಳಿಸಿ ಹೇಳಿದರು. ದೇವರಿಗೆ ಬಿಟ್ಟದ್ದು ಅಂತ ಅವ್ವ ಸ್ವಲ್ಪ ಹಿಂಜರಿದಳು. ಕೊನೆಗೆ ಒಪ್ಪತ್ತು ಮಾಡಿ, ನಡುವೆ ಹಣ್ಣು, ಹಾಲು ತಗೊಳ್ಳೋದಕ್ಕೆ ಒಪ್ಪಿದಳು.

ಸರ್ಜನ್ ಹತ್ತಿರವೂ ಕೇಳಿಕೊಂಡು ಬಂದಿದ್ದೆ, ಕಲ್ಲು ಕರಗಿಸುವ ಮಾತ್ರೆ ಇಲ್ಲವೇ ಅಂತ. ಇದೆ, ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಅದರ ಮೂಲವೂ ಹಳೆಯ ವೈದ್ಯವೇ. ಚೀನಾದಲ್ಲಿ ನೂರಾರು ವರ್ಷಗಳಿಂದ ಕರಡಿಯ ಪಿತ್ತವನ್ನು ಔಷಧಿಯಾಗಿ ಕೊಡುತ್ತಿದ್ದರು. 1927ರಲ್ಲಿ ಜಪಾನಿನಲ್ಲಿ ಅದರಿಂದ ಈ ಆಮ್ಲವನ್ನು ಬೇರ್ಪಡಿಸಿದರು, ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಹಳೆಯ ಮದ್ದೊಂದು ಪರೀಕ್ಷೆಗೆ ಕೂತು ಗೆದ್ದ ಉದಾಹರಣೆ ಇದು. ಆದರೆ ಅದಕ್ಕೂ ಮಿತಿ ಇದೆ. ಕಲ್ಲು ಸಣ್ಣದಿರಬೇಕು, ಕೊಲೆಸ್ಟ್ರಾಲಿನದೇ ಆಗಿರಬೇಕು, ಕ್ಯಾಲ್ಸಿಯಂ ಸೇರಿರಬಾರದು, ಪಿತ್ತಕೋಶ ಚೆನ್ನಾಗಿ ಕೆಲಸ ಮಾಡುತ್ತಿರಬೇಕು. ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ನಿಲ್ಲಿಸಿದ ಐದು ವರ್ಷದೊಳಗೆ ಅರ್ಧದಷ್ಟು ಜನಕ್ಕೆ ಮತ್ತೆ ಕಲ್ಲು ಕಟ್ಟುತ್ತವೆ. ಅವ್ವನಿಗೆ ಅದು ಹೊಂದುವುದಿಲ್ಲ ಅಂದರು.

ಹೀಗೆ ಎಲ್ಲರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ದಸರಾವರೆಗೆ ಅವ್ವ ಆಯುರ್ವೇದದ ಡಾಕ್ಟರು ಹೇಳಿದಷ್ಟೇ ನೆಲನೆಲ್ಲಿ ರಸ ತಗೊಳ್ಳಬಹುದು, ಜಾಸ್ತಿ ಒಂದು ಚಮಚವೂ ಬೇಡ. ನಡುವೆ ಲಿವರ್ ಪರೀಕ್ಷೆ ಮಾಡಿಸಬೇಕು. ಅಮೃತಬಳ್ಳಿಯ ಕಷಾಯ ಕುಡಿದು ಲಿವರ್ ಹಾಳಾದವರ ಬಗ್ಗೆ ಕೊರೋನಾ ಕಾಲದಲ್ಲಿ ಮುಂಬೈ ವೈದ್ಯರು ಬರೆದದ್ದನ್ನು ನಾನು ಓದಿದ್ದೆ, ಅದಕ್ಕೇ ಈ ಹಟ ಹಿಡಿದೆ. ಜ್ವರ, ಚಳಿ, ಕಣ್ಣು ಹಳದಿ, ಮಣ್ಣಿನ ಬಣ್ಣದ ಮಲ, ಐದಾರು ಗಂಟೆಯಾದರೂ ಬಿಡದ ನೋವು, ಇದರಲ್ಲಿ ಒಂದು ಕಂಡರೂ ಯಾರನ್ನೂ ಕೇಳದೆ ನೇರ ಆಸ್ಪತ್ರೆಗೆ. ದಸರಾ ಮುಗಿದ ಮೇಲೆ ಅದೇ ಸೆಂಟರಿನಲ್ಲಿ, ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್.

ಅವ್ವ ಇದನ್ನು ತಪ್ಪದೆ ಪಾಲಿಸಿದಳು. ಹೊಟ್ಟೆ ಹಗುರಾಗಿದೆ ಅಂದಳು, ಲಿವರ್ ಪರೀಕ್ಷೆ ಸರಿ ಇತ್ತು. ಸ್ಕ್ಯಾನಿನಲ್ಲಿ ಕಲ್ಲುಗಳು ಮಾತ್ರ ಇದ್ದ ಹಾಗೆಯೇ ಇದ್ದವು, ದೊಡ್ಡದು 9 ಮಿಲಿಮೀಟರ್. ದೀಪಾವಳಿಗೆ ಮೊದಲು ಒಂದು ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಎದ್ದು ಬೆನ್ನಿಗೆ, ಹೆಗಲಿಗೆ ಹತ್ತಿತು. ಬೆಳಗಾದ ಮೇಲೆ ಅವಳೇ ಹೇಳಿದಳು, "ಸಾಕವಾ. ಕೇಳೂದು ಕೇಳೇವಿ, ನೋಡೂದು ನೋಡೇವಿ. ತಗಸಿಬಿಡು."

ಆಪರೇಷನ್ ವಿಷಯ ಹೆಚ್ಚು ಹೇಳುವುದೇನಿಲ್ಲ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ದುರ್ಬೀನಿನಲ್ಲಿ ತೆಗೆದರು. ಡಾ. ತೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಮುಂಬೈನ ಜೆಜೆ ಆಸ್ಪತ್ರೆಯಲ್ಲಿ ನಮ್ಮ ದೇಶದಲ್ಲೇ ಮೊದಲ ಬಾರಿ ಮಾಡಿದ್ದು ಇದೇ ಆಪರೇಷನ್. ಈಗ ಹುಬ್ಬಳ್ಳಿಯಲ್ಲಿ ಇದು ದಿನನಿತ್ಯದ ಕೆಲಸ. ಅವ್ವ ಮರುದಿನ ಎದ್ದು ಓಡಾಡಿದಳು.

ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಕಂದು ಬಣ್ಣ, ಒಂದಕ್ಕೊಂದು ಒತ್ತಿಕೊಂಡು ಇದ್ದದ್ದಕ್ಕೆ ಮಗ್ಗುಲೆಲ್ಲ ಚಪ್ಪಟೆ, ಅಂಚು ಚೂಪು. ಉಗುರು ಇಳಿಯಲಿಲ್ಲ. ಕಾಕಾ ನೋಡಲು ಬಂದಾಗ ತಾವೇ ಕೇಳಿ ಒಂದನ್ನು ಬಿಸಿನೀರಿಗೆ ಹಾಕಿಸಿದರು. ತಳಕ್ಕೆ ಹೋಗಿ ಕೂತಿತು, ನೀರು ಆರಿದರೂ ಹಾಗೇ ಇತ್ತು. ಕೊಲೆಸ್ಟ್ರಾಲ್ ಕರಗಲು 148 ಡಿಗ್ರಿ ಬೇಕು. ಈಗ ಕಾಕಾ ತಮ್ಮ ಕಲ್ಲಿನ ಬಗ್ಗೆ ಅದೇ ಸರ್ಜನ್ ಹತ್ತಿರ ತೋರಿಸುತ್ತಿದ್ದಾರೆ. ನೋವಿಲ್ಲದ ಕಾರಣ ಸದ್ಯಕ್ಕೆ ಕಾಯಿರಿ ಅಂದಿದ್ದಾರಂತೆ.

ಮನೆಗೆ ಬಂದ ಮೇಲೆ ಅವ್ವ ಕೇಳಿದ ಮೊದಲ ಪ್ರಶ್ನೆ, ಚೀಲವೇ ಇಲ್ಲವಲ್ಲ, ಇನ್ನು ಅರಿಷಿಣದ ಕಷಾಯ ಕುಡಿಯಬಹುದಾ ಅಂತ. ಅಡುಗೆಯಲ್ಲಿ ಎಷ್ಟು ಬೇಕಾದರೂ ಹಾಕಿ, ಆಗೀಗ ಹಾಲಿಗೂ ಚಿಟಿಕೆ ಹಾಕಿಕೊಳ್ಳಿ, ಆದರೆ ಕಾಳುಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇಡ ಅಂದರು ಡಾಕ್ಟರು. ಅಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟಾದ ವರದಿಗಳು ಇಟಲಿಯಿಂದ, ಅಮೆರಿಕದಿಂದ ಬಂದಿವೆ. ತಮ್ಮ ಅದನ್ನೇ ಆನ್‌ಲೈನ್‌ನಲ್ಲಿ ತರಿಸಿ ಇಟ್ಟಿದ್ದ, ವಾಪಸ್ ಕಳಿಸಿದೆವು.